ಸೆರೆಮನೆಯಿಂದ ಬಂದವನು ಇಟ್ಟ ಹೆಸರು: ಇಮ್ಯಾನ್ಯುಯಲ್ ಮೆಂಡೆಸ್ ಡಾ ಕೋಸ್ಟ

ವೈದ್ಯಕೀಯ ಓದಿದವರಿಗೆ ಡಾ ಕೋಸ್ಟ ಎಂಬ ಹೆಸರು ಅಪರಿಚಿತವಲ್ಲ. ಎದೆ ಡವಗುಟ್ಟುವುದು, ಉಸಿರು ಕಟ್ಟುವುದು, ವಿಪರೀತ ದಣಿವು ಇವೆಲ್ಲ ಇದ್ದೂ ಹೃದಯದಲ್ಲಿ ಯಾವ ದೋಷವೂ ಕಾಣದಂಥ ಸ್ಥಿತಿಯೊಂದನ್ನು ಅಮೆರಿಕದ ಅಂತರ್ಯುದ್ಧದ ಸೈನಿಕರಲ್ಲಿ ಗುರುತಿಸಿ 1871ರಲ್ಲಿ ವಿವರಿಸಿದವರು ಜೇಕಬ್ ಮೆಂಡೆಸ್ ಡಾ ಕೋಸ್ಟ ಎಂಬ ಫಿಲಡೆಲ್ಫಿಯಾದ ವೈದ್ಯರು. ಪಠ್ಯಪುಸ್ತಕಗಳಲ್ಲಿ ಅದು ಡಾ ಕೋಸ್ಟ ಸಿಂಡ್ರೋಮ್ ಎಂದೇ ಉಳಿದುಕೊಂಡಿತು. ಬಹುಕಾಲ ನನಗೆ ಗೊತ್ತಿದ್ದ ಡಾ ಕೋಸ್ಟ ಅವರೊಬ್ಬರೇ.

ಕೆಲವು ವರ್ಷಗಳ ಹಿಂದೆ ನಾರ್ಫಕ್ ಕರಾವಳಿಯ ಹೋಲ್ಕಮ್ ತೀರದಲ್ಲಿ, ಇಳಿತದ ವೇಳೆಯಲ್ಲಿ, ದುಂಡಗಿನ ನುಣುಪಾದ ಶಂಖುವೊಂದು ಕಣ್ಣಿಗೆ ಬಿತ್ತು. ನೆಲ್ಲಿಕಾಯಿಯಷ್ಟು ಗಾತ್ರ, ಮಾಸಲು ಹಳದಿ ಮೈ, ಕೊನೆಯ ಸುರುಳಿಯ ಮೇಲಂಚಿನಲ್ಲಿ ಕೆಂಗಂದು ಗೆರೆಗಳ ಒಂದೇ ಒಂದು ಸಾಲು. ಜೇಬಿಗಿಳಿಸಿಕೊಂಡು ವೆಂಬ್ಲಿಯ ಮನೆಗೆ ತಂದು ಕೈಪಿಡಿಯೊಂದನ್ನು ತೆರೆದರೆ ಹೆಸರು ಸಿಕ್ಕಿತು: ಯೂಸ್ಪೈರಾ ಕಟೇನ (ಡಾ ಕೋಸ್ಟ, 1778). ಹೃದಯತಜ್ಞ ಡಾ ಕೋಸ್ಟ ಹುಟ್ಟಿದ್ದು 1833ರಲ್ಲಿ. ಹಾಗಾದರೆ ಈ ಇನ್ನೊಬ್ಬ ಯಾರು ಎಂಬ ಕುತೂಹಲವೇ ಈ ಲೇಖನದ ಮೂಲ. ಅವರಿಬ್ಬರಿಗೂ ನೆಂಟಸ್ತಿಕೆ ಇತ್ತೆಂದು ನಾನು ಹೇಳಲಾರೆ. ಆದರೆ ಇಬ್ಬರೂ ಪೋರ್ಚುಗಲ್ ಮೂಲದ ಯೆಹೂದಿ ಸಮುದಾಯಕ್ಕೆ ಸೇರಿದವರು.

ಇಮ್ಯಾನ್ಯುಯಲ್ ಮೆಂಡೆಸ್ ಡಾ ಕೋಸ್ಟ ಲಂಡನ್ನಿನಲ್ಲಿ 1717ರ ಜೂನ್ 5ರಂದು ಜನಿಸಿದ. ಇನ್‌ಕ್ವಿಸಿಷನ್ನಿನ ಕಿರುಕುಳಕ್ಕೆ ಬೇಸತ್ತು ಸ್ಪೇನ್ ಮತ್ತು ಪೋರ್ಚುಗಲ್‌ಗಳಿಂದ ಚದುರಿದ ಯೆಹೂದಿಗಳಿಗೆ 1656ರಿಂದೀಚೆಗೆ ಇಂಗ್ಲೆಂಡಿನಲ್ಲಿ ಬಹಿರಂಗವಾಗಿ ನೆಲೆಸುವ ಅವಕಾಶ ದೊರೆತಿತ್ತು. 1701ರಲ್ಲಿ ಬೆವಿಸ್ ಮಾರ್ಕ್ಸ್‌ನಲ್ಲಿ ಅವರು ಕಟ್ಟಿದ ಪ್ರಾರ್ಥನಾಮಂದಿರ ಇಂದಿಗೂ ಬಳಕೆಯಲ್ಲಿದೆ. ಡಾ ಕೋಸ್ಟನದು ವರ್ತಕರ ಮನೆತನ. ಹುಡುಗನನ್ನು ಕಾಗದಪತ್ರ ಬರೆಯುವ ನೋಟರಿಯೊಬ್ಬನ ಕಚೇರಿಗೆ ಕೆಲಸ ಕಲಿಯಲು ಕಳುಹಿಸಿದರು. ಮನಸ್ಸು ಮಾತ್ರ ಕಲ್ಲುಗಳಲ್ಲಿ, ಚಿಪ್ಪುಗಳಲ್ಲಿ ನೆಟ್ಟಿತ್ತು. ಆಕ್ಸ್‌ಫರ್ಡಿನ ಬಾಗಿಲು ಆತನಿಗೆ ತೆರೆಯುವಂತಿರಲಿಲ್ಲ. ಅಲ್ಲಿ ಕಾಲಿಡಬೇಕಾದರೆ ಇಂಗ್ಲೆಂಡಿನ ಚರ್ಚಿನ ನಂಬಿಕೆಗಳಿಗೆ ಸಹಿ ಹಾಕಬೇಕಿತ್ತು. ಆದರೆ ಆ ಕಾಲದ ನಿಸರ್ಗವಿಜ್ಞಾನ ಬೆಳೆದದ್ದು ಹೆಚ್ಚಾಗಿ ವಿಶ್ವವಿದ್ಯಾಲಯಗಳ ಹೊರಗೆ, ಕಾಫಿ ಮನೆಗಳಲ್ಲಿ, ಹವ್ಯಾಸಿಗಳ ಕೂಟಗಳಲ್ಲಿ, ಎಲ್ಲಕ್ಕಿಂತ ಮಿಗಿಲಾಗಿ ಅಂಚೆಯಲ್ಲಿ. ಡಾ ಕೋಸ್ಟ ಅಂಚೆಯ ಮನುಷ್ಯ. ಕಾರ್ನ್‌ವಾಲ್‌ನ ಪಾದ್ರಿ ವಿಲಿಯಂ ಬೊರ್ಲೇಸ್, ವೇಲ್ಸ್‌ನ ಥಾಮಸ್ ಪೆನಂಟ್, ಲಂಡನ್ನಿನ ಪೀಟರ್ ಕಾಲಿನ್ಸನ್, ಸ್ವೀಡನ್ನಿನ ಲಿನೇಯಸ್, ಹೀಗೆ ಯುರೋಪಿನ ಉದ್ದಗಲಕ್ಕೂ ಆತನ ಪತ್ರಗಳು ಓಡಾಡುತ್ತಿದ್ದವು. ಪತ್ರದೊಡನೆ ಖನಿಜದ ತುಂಡು, ಚಿಪ್ಪಿನ ಪೊಟ್ಟಣ. ಕೊಟ್ಟು ತೆಗೆದುಕೊಳ್ಳುವುದರಲ್ಲಿಯೇ ಆತನ ವಿದ್ವತ್ತು ಬೆಳೆಯಿತು.

1747ರಲ್ಲಿ, ಮೂವತ್ತರ ವಯಸ್ಸಿನಲ್ಲಿ, ರಾಯಲ್ ಸೊಸೈಟಿ ಆತನನ್ನು ಸದಸ್ಯನನ್ನಾಗಿ ಆರಿಸಿಕೊಂಡಿತು. 1752ರಲ್ಲಿ ಪ್ರಾಚೀನ ವಸ್ತುಗಳ ಅಧ್ಯಯನದ ಸೊಸೈಟಿಯೂ ಆರಿಸಿತು. ಅದರ ಮರುವರ್ಷವೇ ವಿದೇಶದಲ್ಲಿ ಹುಟ್ಟಿದ ಯೆಹೂದಿಗಳಿಗೆ ಪೌರತ್ವ ಪಡೆಯುವ ದಾರಿ ಮಾಡಿಕೊಡುವ ಕಾಯಿದೆಯನ್ನು ಸಂಸತ್ತು ಅಂಗೀಕರಿಸಿ, ಬೀದಿಯ ಗದ್ದಲಕ್ಕೆ ಹೆದರಿ ಕೆಲವೇ ತಿಂಗಳಲ್ಲಿ ರದ್ದು ಮಾಡಿತು. ಒಳಗೆ ಬಾ ಎಂದು ಕರೆದವರೂ ಅವರೇ, ಹೊಸ್ತಿಲಲ್ಲಿ ತಡೆದವರೂ ಅವರೇ. ಆ ಊರಿನಲ್ಲಿ ಡಾ ಕೋಸ್ಟ ವಿದ್ವಾಂಸನೆಂದು ಗೌರವ ಗಳಿಸಿದ್ದು ಸಣ್ಣ ಮಾತಲ್ಲ. 1757ರಲ್ಲಿ ಆತನ ಮೊದಲ ದೊಡ್ಡ ಪುಸ್ತಕ ಪಳೆಯುಳಿಕೆಗಳ ಬಗ್ಗೆ ಬಂತು. ಆಗಿನ ಮಾತಿನಲ್ಲಿ ಫಾಸಿಲ್ ಎಂದರೆ ನೆಲದಿಂದ ಅಗೆದು ತೆಗೆದ ಏನೂ ಆಗಬಹುದು, ಮಣ್ಣೂ ಕಲ್ಲೂ ಸೇರಿದಂತೆ. ಮುಂದಿನ ಸಂಪುಟಗಳು ಬರಲೇ ಇಲ್ಲ. ಅಷ್ಟರಲ್ಲಿ ಹಣದ ಮುಗ್ಗಟ್ಟು ಬೆನ್ನು ಹತ್ತಿತ್ತು. ಚಿಪ್ಪು ಸಂಗ್ರಹ ಆಗ ಶ್ರೀಮಂತರ ಹವ್ಯಾಸ. ಅಪರೂಪದ ಒಂದು ಶಂಖಕ್ಕೆ ಕುದುರೆಯ ಬೆಲೆ ಕೊಡುವವರ ನಡುವೆ, ಸ್ವಂತ ಆಸ್ತಿ ಇಲ್ಲದವನೊಬ್ಬ ಸರಿಸಮನಾಗಿ ಕೂರಬೇಕೆಂದರೆ ಸಾಲ ತಪ್ಪದು.

1763ರಲ್ಲಿ ಆತನಿಗೆ ರಾಯಲ್ ಸೊಸೈಟಿಯ ಗುಮಾಸ್ತೆಯ ಕೆಲಸ ದೊರೆಯಿತು. ಗ್ರಂಥಪಾಲನೆಯೂ ವಸ್ತುಸಂಗ್ರಹದ ಉಸ್ತುವಾರಿಯೂ ಅದರೊಡನೆಯೇ ಬಂದವು. ಫ್ಲೀಟ್ ಸ್ಟ್ರೀಟಿನ ಪಕ್ಕದ ಕ್ರೇನ್ ಕೋರ್ಟ್ ಎಂಬ ಓಣಿಯಲ್ಲಿ ಆಗ ಸೊಸೈಟಿಯ ಮನೆ ಇತ್ತು. ಕಲ್ಲು, ಚಿಪ್ಪು, ಪುಸ್ತಕಗಳ ನಡುವೆ ಸಂಬಳದ ಕೆಲಸ: ಡಾ ಕೋಸ್ಟನಿಗೆ ಇದಕ್ಕಿಂತ ಒಪ್ಪುವ ನೌಕರಿ ಲಂಡನ್ನಿನಲ್ಲಿ ಇನ್ನೊಂದಿರಲಾರದು. ನಾಲ್ಕು ವರ್ಷಗಳಲ್ಲಿ ಅದನ್ನು ಆತನೇ ಕೈಯಾರೆ ಕಳೆದುಕೊಂಡ.

ನಡೆದದ್ದು ಇಷ್ಟು. ಸೊಸೈಟಿಯ ಸದಸ್ಯರು ವರ್ಷವರ್ಷ ಚಂದಾ ಕೊಡಬಹುದಿತ್ತು, ಇಲ್ಲವೇ ದೊಡ್ಡ ಮೊತ್ತವೊಂದನ್ನು ಒಮ್ಮೆಲೇ ಕಟ್ಟಿ ಆಜೀವ ಸದಸ್ಯರಾಗಬಹುದಿತ್ತು. ಹಣ ವಸೂಲು ಮಾಡಿ ಲೆಕ್ಕ ಬರೆಯುವವನು ಗುಮಾಸ್ತೆ. ಒಮ್ಮೆಲೇ ಕಟ್ಟಿದ ಕೆಲವರನ್ನು ಡಾ ಕೋಸ್ಟ ವರ್ಷದ ಚಂದಾದಾರರೆಂದು ಪುಸ್ತಕದಲ್ಲಿ ತೋರಿಸಿ, ಮಿಕ್ಕ ಹಣವನ್ನು ತಾನು ಬಳಸಿಕೊಂಡ. ಪ್ರತಿ ವರ್ಷ ಅವರ ಹೆಸರಿನಲ್ಲಿ ಒಂದಿಷ್ಟು ಚಂದಾ ಜಮೆಯಾಗಬೇಕಲ್ಲ. ಅದನ್ನು ಹೊಸದಾಗಿ ಬಂದವರ ಹಣದಿಂದ ತುಂಬಬೇಕು. ಇಂಥ ಲೆಕ್ಕ ಒಂದಲ್ಲ ಒಂದು ದಿನ ಕುಸಿಯಲೇಬೇಕು. 1767ರ ಡಿಸೆಂಬರಿನಲ್ಲಿ ಅದು ಹೊರಬಿತ್ತು. ಕೆಲಸ ಹೋಯಿತು, ವರ್ಷಗಟ್ಟಲೆ ಕೂಡಿಟ್ಟ ಪುಸ್ತಕಗಳೂ ಸಂಗ್ರಹವೂ ವಶವಾಗಿ ಹರಾಜಾದವು. ಸೊಸೈಟಿ ಹೂಡಿದ ದಾವೆಯಲ್ಲಿ ಬಂಧಿತನಾಗಿ ಆತ ಕಿಂಗ್ಸ್ ಬೆಂಚ್ ಸೆರೆಮನೆ ಸೇರಿದ.

ಇಲ್ಲಿ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಅನ್ಯಧರ್ಮೀಯನೆಂಬ ಕಾರಣಕ್ಕೆ ಆತನನ್ನು ಬಲಿ ಕೊಟ್ಟರು ಎಂದು ಬರೆದರೆ ಕತೆ ಚೆನ್ನಾಗಿರುತ್ತದೆ, ಆದರೆ ನಿಜವಾಗುವುದಿಲ್ಲ. ಮೋಸ ನಡೆದಿತ್ತು, ಅದೂ ಒಮ್ಮೆಯಲ್ಲ. ಹಾಗೆಂದು ಯೆಹೂದಿಗಳ ಬಗ್ಗೆ ಆಗ ಜನರ ಮನಸ್ಸಿನಲ್ಲಿದ್ದ ಪೂರ್ವಗ್ರಹ ಈ ಪ್ರಕರಣದಲ್ಲಿ ಕಣ್ಣು ಮುಚ್ಚಿ ಕುಳಿತಿತ್ತೆಂದೂ ಹೇಳಲಾಗದು. ಒಬ್ಬ ಇಂಗ್ಲಿಷ್ ಗುಮಾಸ್ತೆ ಕದ್ದರೆ ಕಳ್ಳ ಅವನೊಬ್ಬನೇ. ಹೊರಗಿನಿಂದ ಬಂದ ಸಮುದಾಯದವನು ಕದ್ದರೆ ಅವನ ಹಿಂದೆ ಇಡೀ ಸಮುದಾಯ ಕಟಕಟೆಗೆ ಬರುತ್ತದೆ. ಹೊರನಾಡಿನಲ್ಲಿ ಬಾಳುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಿಂಗ್ಸ್ ಬೆಂಚ್ ಥೇಮ್ಸ್ ನದಿಯ ದಕ್ಷಿಣಕ್ಕೆ ಸದರ್ಕ್‌ನಲ್ಲಿತ್ತು. ಸಾಲಗಾರರನ್ನು ತೀರುವಳಿಯಾಗುವ ತನಕ ಕೂಡಿಹಾಕುತ್ತಿದ್ದ ಜಾಗ ಅದು. ನಮ್ಮ ಕಲ್ಪನೆಯ ಜೈಲಿನಂತೆ ಅಲ್ಲ. ಭೇಟಿಗೆ ಬರುವವರಿಗೆ ತಡೆಯಿಲ್ಲ, ಕೈದಿಗಳು ಒಳಗೇ ಕಸುಬು ನಡೆಸಬಹುದು, ಕಾಸಿದ್ದವನಿಗೆ ಒಳ್ಳೆಯ ಕೋಣೆ, ಇಲ್ಲದವನಿಗೆ ನರಕ. ಸರಕಾರವನ್ನು ಎದುರು ಹಾಕಿಕೊಂಡ ಜಾನ್ ವಿಲ್ಕ್ಸ್ 1768ರಿಂದ 1770ರವರೆಗೆ ಇದ್ದದ್ದು ಇದೇ ಸೆರೆಮನೆಯಲ್ಲಿ. ಡಾ ಕೋಸ್ಟ ಅಲ್ಲಿ ಪಳೆಯುಳಿಕೆಗಳ ಬಗ್ಗೆ ಉಪನ್ಯಾಸ ಕೊಟ್ಟ. ಕೇಳುವವರು ಹಣ ಕೊಟ್ಟು ಬರುತ್ತಿದ್ದರು. ಕ್ರೋನ್‌ಸ್ಟೆಟ್ ಎಂಬ ಸ್ವೀಡಿಷ್ ವಿದ್ವಾಂಸನ ಖನಿಜಶಾಸ್ತ್ರದ ಪುಸ್ತಕ ಇಂಗ್ಲಿಷಿಗೆ ಅನುವಾದವಾಗಿತ್ತು. ಅದನ್ನು ಡಾ ಕೋಸ್ಟ ತಿದ್ದಿಕೊಟ್ಟ. 1770ರಲ್ಲಿ ಅದು ಅಚ್ಚಾದಾಗ ತಿದ್ದಿದವನು ಇನ್ನೂ ಗೋಡೆಯ ಒಳಗೇ ಇದ್ದ.

1772ರಲ್ಲಿ ಬಿಡುಗಡೆಯಾದಾಗ ಆತನಿಗೆ ಐವತ್ತೈದು ವರ್ಷ. ನನ್ನ ವಯಸ್ಸಿಗೆ ಹತ್ತಿರದ್ದು. ಆದ್ದರಿಂದಲೇ ಇರಬೇಕು, ಈ ಭಾಗವನ್ನು ಓದುವಾಗ ನಾನು ನಿಧಾನಿಸುತ್ತೇನೆ. ಆ ವಯಸ್ಸಿನಲ್ಲಿ ಮಾನ ಕಳೆದುಕೊಂಡವನು ಮತ್ತೆ ಏನು ಮಾಡಬಲ್ಲ? 1774ರಲ್ಲಿ ಆಕ್ಸ್‌ಫರ್ಡಿನಲ್ಲಿ ಉಪನ್ಯಾಸಮಾಲೆ ನಡೆಸಲು ಅನುಮತಿ ಕೇಳಿದ. ಸಿಗಲಿಲ್ಲ. ಚಿಪ್ಪು, ಖನಿಜ ಮಾರಿ, ಕೆಲವು ಹಳೆಯ ಗೆಳೆಯರ ನೆರವು ಪಡೆದು ದಿನ ದೂಡಿದ. ಹಾಗೆ ದೂಡುತ್ತಲೇ ತನ್ನ ಬದುಕಿನ ಎರಡು ಮುಖ್ಯ ಪುಸ್ತಕಗಳನ್ನು ಬರೆದ.

ಮೊದಲನೆಯದು 1776ರ ಚಿಪ್ಪುಶಾಸ್ತ್ರದ ಮೂಲಪಾಠ. ಇದರಲ್ಲಿ ಆತ ಲಿನೇಯಸ್‌ನ ಮೇಲೆ ಹರಿಹಾಯ್ದದ್ದು ಪ್ರಸಿದ್ಧ. ಕಪ್ಪೆಚಿಪ್ಪಿನ ಭಾಗಗಳಿಗೆ ಲಿನೇಯಸ್ ಸ್ತ್ರೀಯರ ಗುಪ್ತಾಂಗಗಳ ಲ್ಯಾಟಿನ್ ಹೆಸರುಗಳನ್ನು ಇಟ್ಟಿದ್ದ. ಹೆಂಗಸರೂ ಆಸಕ್ತಿಯಿಂದ ಕಲಿಯುವ ಶಾಸ್ತ್ರದಲ್ಲಿ ಇಂಥ ಮಾತು ಸಲ್ಲದೆಂದು ಡಾ ಕೋಸ್ಟ ಆಕ್ಷೇಪಿಸಿ, ಬೇರೆ ಪದಗಳನ್ನು ಸೂಚಿಸಿದ. ದಿನವೂ ಅವೇ ಲ್ಯಾಟಿನ್ ಪದಗಳನ್ನು ರೋಗಿಗಳ ಕಡತದಲ್ಲಿ ಬರೆಯುವ ನನಗೆ ಪದಗಳಲ್ಲಿ ಅಶ್ಲೀಲವೇನೂ ಕಾಣದು. ಆದರೆ ಕಪ್ಪೆಚಿಪ್ಪಿಗೆ ಅವು ಬೇಕಿದ್ದವೇ ಎಂದರೆ, ಡಾ ಕೋಸ್ಟನ ಪಕ್ಷಕ್ಕೇ ನನ್ನ ಮತ.

ಎರಡನೆಯದು 1778ರ ಬ್ರಿಟಿಷ್ ಚಿಪ್ಪುಗಳ ನಿಸರ್ಗ ಚರಿತ್ರೆ. ಬ್ರಿಟನ್ನಿನ ಸಮುದ್ರ, ನದಿ, ನೆಲದ ಚಿಪ್ಪುಗಳ ವಿವರಣೆ, 17 ಚಿತ್ರಫಲಕಗಳು. ಪಠ್ಯ ಇಂಗ್ಲಿಷಿನಲ್ಲೂ ಫ್ರೆಂಚಿನಲ್ಲೂ ಇತ್ತು. ಕಡಲಾಚೆಯ ಕೊಳ್ಳುಗರನ್ನೂ ಸೆಳೆಯುವ ಉದ್ದೇಶ ಇದ್ದಿರಬೇಕು. ನನ್ನ ಜೇಬಿಗೆ ಬಂದ ಶಂಖು ಈ ಪುಸ್ತಕದಲ್ಲಿ ಕೋಕ್ಲಿಯ ಕಟೇನ ಎಂಬ ಹೆಸರಿನಲ್ಲಿ ಇದೆ. ಕೋಕ್ಲಿಯ ಎಂದರೆ ಬಸವನಹುಳು. ನಮ್ಮ ಒಳಗಿವಿಯ ಸುರುಳಿಗೂ ಅದೇ ಹೆಸರು. ಕಟೇನ ಎಂದರೆ ಸರಪಳಿ. ಸುರುಳಿಯಂಚಿನ ಕೆಂಗಂದು ಗೆರೆಗಳ ಸಾಲಿಗೆ ಒಪ್ಪುವ ಮಾತು. ಆರು ವರ್ಷದ ಹಿಂದೆ ಸೆರೆಮನೆಯಿಂದ ಬಂದವನಿಗೆ ಸರಪಳಿ ಹೊಳೆದದ್ದರಲ್ಲಿ ಬೇರೆ ಅರ್ಥ ಹುಡುಕುವುದು ಬೇಡ. ಚಿಪ್ಪನ್ನು ನೋಡಿದ ಯಾರಿಗೂ ಅದೇ ಹೊಳೆಯುತ್ತದೆ.

ಈ ಜೀವಿಯ ಬಗ್ಗೆ ಎರಡು ಮಾತು ಹೇಳಬೇಕು. ದುಂಡು ಮೈಯ ಕಾರಣಕ್ಕೆ ಇದರ ಕುಟುಂಬವನ್ನೇ ಚಂದ್ರ ಬಸವನಹುಳುಗಳೆಂದು ಕರೆಯುವ ರೂಢಿ ಇದೆ. ಕಟೇನ ಉತ್ತರ ಸಮುದ್ರದಿಂದ ಮೆಡಿಟರೇನಿಯನ್‌ವರೆಗೆ, ಇಳಿತದ ಗೆರೆಯಿಂದ ನೂರಕ್ಕೂ ಹೆಚ್ಚು ಮೀಟರ್ ಆಳದವರೆಗೆ, ಮರಳು ಇರುವ ಕಡೆ ವಾಸಿಸುತ್ತದೆ. ಬಂಡೆಯ ತೀರದಲ್ಲಿ ಹುಡುಕಿ ಫಲವಿಲ್ಲ. ನೇಗಿಲಿನಂತಹ ಅಗಲವಾದ ಪಾದದಿಂದ ಮರಳನ್ನು ಸೀಳುತ್ತ ಒಳಗೊಳಗೇ ಸಾಗಿ, ಹುದುಗಿರುವ ಕಪ್ಪೆಚಿಪ್ಪನ್ನು ಅಪ್ಪಿ ಹಿಡಿಯುತ್ತದೆ. ಸೊಂಡಿಲಿನ ತುದಿಯ ಗ್ರಂಥಿಯೊಂದು ಆಮ್ಲಭರಿತ ರಸ ಸುರಿಸಿ ಸುಣ್ಣವನ್ನು ಮೆದುಗೊಳಿಸುತ್ತದೆ, ಅರದಂಥ ನಾಲಿಗೆ ಅದನ್ನು ಕೆರೆದು ತೆಗೆಯುತ್ತದೆ. ಹೀಗೆ ಸರದಿಯಂತೆ ಗಂಟೆಗಟ್ಟಲೆ ದುಡಿದರೆ ಒಂದು ತೂತು. ಹೊರಗೆ ಅಗಲ, ಒಳಗೆ ಕಿರಿದು. ಸ್ಕ್ರೂವಿನ ತಲೆ ಕೂರಲೆಂದು ಮೂಳೆತಜ್ಞರು ಮೂಳೆಯಲ್ಲಿ ಕೊರೆಯುವ ತಗ್ಗಿನ ಹಾಗೆ. ಆ ತೂತಿನ ಮೂಲಕ ಸೊಂಡಿಲು ತೂರಿಸಿ ಮಾಂಸ ತಿಂದು ಮುಗಿಸುತ್ತದೆ. ಹೋಲ್ಕಮ್‌ನಲ್ಲಿ ಅದೇ ದಿನ ಇಂಥ ತೂತಿದ್ದ ಬೆಣೆಯಾಕಾರದ ಕಪ್ಪೆಚಿಪ್ಪುಗಳೂ ಸಿಕ್ಕವು. ಅವುಗಳ ಹೆಸರು ಡೋನಾಕ್ಸ್ ವಿಟಾಟಸ್ (ಡಾ ಕೋಸ್ಟ, 1778). ತಿನ್ನುವುದಕ್ಕೂ ತಿನ್ನಿಸಿಕೊಳ್ಳುವುದಕ್ಕೂ ಒಬ್ಬನೇ, ಒಂದೇ ಪುಸ್ತಕದಲ್ಲಿ, ಹೆಸರಿಟ್ಟಿದ್ದಾನೆ.

ಮಣಿಪಾಲದಲ್ಲಿ ಓದುತ್ತಿದ್ದಾಗ ಮಲ್ಪೆಯ ದಂಡೆಯಲ್ಲಿ ಇಂಥದೇ ತೂತಿನ ಮರುವಾಯಿ ಚಿಪ್ಪುಗಳನ್ನು ಆಯ್ದು, ಯಾರೋ ದಾರಕ್ಕೆ ಪೋಣಿಸಲು ಕೊರೆದಿರಬೇಕೆಂದು ನಾವು ಗೆಳೆಯರು ಅಂದುಕೊಂಡದ್ದುಂಟು. ನಮ್ಮ ಪಶ್ಚಿಮ ಕರಾವಳಿಯಲ್ಲಿ ಕಟೇನ ಇಲ್ಲ. ಅಲ್ಲಿರುವುದು ಇದರ ದಾಯಾದಿಗಳು: ಹುಲಿಯಂತೆ ಚುಕ್ಕೆ ಗೆರೆಗಳಿರುವ ಟೈಗ್ರಿನ, ಅಂಗೈ ತುಂಬುವ ನೆವೆರಿಟ ಡಿಡಿಮ. ಈ ಎರಡಕ್ಕೂ 1798ರಲ್ಲಿ ಹೆಸರು ಕೊಟ್ಟವನು ಹ್ಯಾಂಬರ್ಗಿನ ರೋಡಿಂಗ್. ಮರಳಿನಲ್ಲಿ ಮೊಟ್ಟೆಗಳನ್ನು ಲೋಳೆಯಿಂದ ಬೆಸೆದು ಅಂಗಿಯ ಕಾಲರಿನಂತೆ ಸುತ್ತಿಡುವುದು ಎಲ್ಲ ಚಂದ್ರ ಬಸವನಹುಳುಗಳ ಪದ್ಧತಿ. ತೀರದಲ್ಲಿ ಸಿಗುವ ಆ ಮರಳಿನ ಪಟ್ಟಿಯನ್ನು ಹರಿದ ರಬ್ಬರು ಎಂದು ಎಸೆಯುವವರೇ ಹೆಚ್ಚು. ಬ್ರಿಟನ್ನಿನ ತೀರಗಳಲ್ಲಿ ಹುಡುಕುವವರಿಗೆ ಒಂದು ಗುರುತು: ಗೆರೆಗಳ ಸಾಲು ಒಂದೇ ಇದ್ದರೆ ಕಟೇನ, ಚಿಪ್ಪು ಚಿಕ್ಕದಾಗಿದ್ದು ಹೆಚ್ಚು ಹೊಳಪಿದ್ದು ಐದರವರೆಗೆ ಸಾಲುಗಳಿದ್ದರೆ 1803ರಲ್ಲಿ ಡೊನೊವನ್ ಹೆಸರಿಸಿದ ನಿಟಿಡ.

ಡಾ ಕೋಸ್ಟ ಕೊಟ್ಟ ಕುಲನಾಮ ಉಳಿಯಲಿಲ್ಲ. ಕಟೇನ ಮೊದಲು ನಾಟಿಕ ಕುಲಕ್ಕೆ, ಮತ್ತೆ ಲುನೇಷಿಯಕ್ಕೆ, ಪಾಲಿನೈಸಿಸ್‌ಗೆ, ಕೊನೆಗೆ ಯೂಸ್ಪೈರಾಕ್ಕೆ ಹೋಯಿತು. ಅಂದ ಹಾಗೆ ನಾಟಿಕ ಎಂಬ ಕುಲವನ್ನು 1777ರಲ್ಲಿ ಸ್ಥಾಪಿಸಿದ ಸ್ಕೋಪೋಲಿ ನಮ್ಮ ಕಸುಬಿನವನೇ, ಇದ್ರಿಯದ ಪಾದರಸದ ಗಣಿಗಳಲ್ಲಿ ವೈದ್ಯನಾಗಿದ್ದವನು. ಮನೆ ಎಷ್ಟು ಬದಲಾದರೂ ಕಟೇನ ಎಂಬ ಎರಡನೆಯ ಪದ ಹಾಗೆಯೇ ಇದೆ. ಹೆಸರು ಇಟ್ಟವನನ್ನು ಆವರಣದೊಳಗೆ ಬರೆಯುವುದು ಕುಲ ಬದಲಾಗಿದೆ ಎಂಬುದರ ಸೂಚನೆ. ಮೊದಲು ಪ್ರಕಟವಾದ ಹೆಸರಿಗೇ ಹಕ್ಕು ಎಂಬ ನಿಯಮವನ್ನು 1842ರಲ್ಲಿ ಸ್ಟ್ರಿಕ್ಲೆಂಡ್ ನೇತೃತ್ವದ ಸಮಿತಿ ಬರೆದಿಟ್ಟಿತು. ಡಾರ್ವಿನ್ ಕೂಡ ಅದರ ಸದಸ್ಯ. ಲಿನೇಯಸ್‌ನ ಎರಡು ಪದಗಳ ರೀತಿಯಲ್ಲಿ ಬರೆದಿರಬೇಕು, ಅಚ್ಚಾಗಿರಬೇಕು, ಮೊದಲಿನದಾಗಿರಬೇಕು. ಬರೆದವನ ನಡತೆಯನ್ನು ನಿಯಮ ಕೇಳುವುದಿಲ್ಲ. ಶಂಖದಿಂದ ಬಿದ್ದರೇ ತೀರ್ಥ ಎನ್ನುವ ನಾಡಿನಿಂದ ಬಂದ ನನಗೆ, ಶಂಖಗಳ ಶಾಸ್ತ್ರದಲ್ಲೇ ಆ ಮಾತು ನಡೆಯದಿರುವುದು ಸೋಜಿಗ.

ನಮ್ಮ ವೈದ್ಯಶಾಸ್ತ್ರದಲ್ಲಿ ದಾರಿ ಬೇರೆ. ರೈಟರ್ ಸಿಂಡ್ರೋಮ್ ಎಂದು ನಾವು ಬಾಯಿಪಾಠ ಮಾಡಿದ್ದ ರೋಗ ಈಗ ರಿಯಾಕ್ಟಿವ್ ಆರ್ಥ್ರೈಟಿಸ್. ಆ ಹೆಸರಿನ ವೈದ್ಯ ನಾಜಿ ಆಡಳಿತದಲ್ಲಿ ಬುಖೆನ್‌ವಾಲ್ಡ್ ಶಿಬಿರದ ಕೈದಿಗಳ ಮೇಲಿನ ಪ್ರಯೋಗಗಳಲ್ಲಿ ಭಾಗಿಯಾಗಿದ್ದನೆಂಬುದೇ ಬದಲಾವಣೆಗೆ ಕಾರಣ. ನಾಜಿ ಪಕ್ಷದವನಾಗಿದ್ದ ವೆಗೆನರ್‌ನ ಹೆಸರನ್ನೂ 2011ರಲ್ಲಿ ಸಂಧಿವಾತ ತಜ್ಞರ ಮತ್ತು ಮೂತ್ರಪಿಂಡ ತಜ್ಞರ ಸಂಘಗಳು ಕೈಬಿಟ್ಟವು. ಎರಡೂ ಸರಿಯೆಂದೇ ನಾನು ಒಪ್ಪುತ್ತೇನೆ. ರೋಗಿಯ ಮುಂದೆ ಉಚ್ಚರಿಸುವ ಹೆಸರು ಒಂದು ಬಗೆಯ ಗೌರವ. ಆ ಗೌರವಕ್ಕೆ ಅರ್ಹತೆ ಬೇಕು. ಚಿಪ್ಪಿನ ಹೆಸರಿನ ಬಾಲಕ್ಕಿರುವ ಡಾ ಕೋಸ್ಟ, 1778 ಎಂಬುದು ಗೌರವವಲ್ಲ, ವಿಳಾಸ. ಮೊದಲ ವಿವರಣೆ ಯಾವ ಪುಸ್ತಕದಲ್ಲಿದೆ ಎಂದು ತೋರಿಸುವ ಕೈಮರ. ಇತರರ ಹಣದ ಲೆಕ್ಕವನ್ನು ತಿದ್ದಿ ಬರೆದವನು ಚಿಪ್ಪಿನ ಲೆಕ್ಕದಲ್ಲಿ ಮಾತ್ರ ಕಂಡದ್ದನ್ನು ಕಂಡಂತೆ ಬರೆದ. ಅದನ್ನು ಪರೀಕ್ಷಿಸಲು ಆತನ ಮಾತನ್ನು ನಂಬಬೇಕಾಗಿಲ್ಲ. ನಾರ್ಫಕ್‌ನ ಮರಳಿನಲ್ಲಿ ಸಾಕ್ಷಿ ಬಿದ್ದಿದೆ.

ಡಾ ಕೋಸ್ಟ 1791ರ ಮೇ ತಿಂಗಳಲ್ಲಿ ಸ್ಟ್ರ್ಯಾಂಡ್ ಬೀದಿಯ ಬಾಡಿಗೆ ಕೋಣೆಯಲ್ಲಿ ತೀರಿಕೊಂಡ. ಮೊದಲ ಹೆಂಡತಿ 1763ರಲ್ಲೇ ಗತಿಸಿದ್ದಳು. ಎರಡನೆಯವಳಿಂದ ಒಬ್ಬಳೇ ಮಗಳು. ಆತನ ಪತ್ರವ್ಯವಹಾರ 11 ಸಂಪುಟಗಳಲ್ಲಿ ಬ್ರಿಟಿಷ್ ಲೈಬ್ರರಿಯಲ್ಲಿದೆ. ಸಮಕಾಲೀನ ವಿದ್ವಾಂಸರ ಬಗ್ಗೆ ಆತ ಗೀಚಿಟ್ಟಿದ್ದ ಟಿಪ್ಪಣಿಗಳು, ಯಾರು ಸಜ್ಜನ, ಯಾರು ಜಿಪುಣ ಎಂಬ ಷರಾಗಳ ಸಹಿತ, 1812ರಲ್ಲಿ ಜಂಟಲ್‌ಮನ್ಸ್ ಮ್ಯಾಗಜೀನ್ ಪತ್ರಿಕೆಯಲ್ಲಿ ಅಚ್ಚಾದವು.

ಮಣ್ಣು ಮಾಡಿದ್ದು ಮೈಲ್ ಎಂಡ್‌ನ ಪೋರ್ಚುಗೀಸ್ ಯೆಹೂದಿಗಳ ಸ್ಮಶಾನದಲ್ಲಿ. ಆ ನೆಲ ಈಗ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಆವರಣದೊಳಗಿದೆ. ವೆಂಬ್ಲಿ ಪಾರ್ಕಿನಿಂದ ಲಿವರ್‌ಪೂಲ್ ಸ್ಟ್ರೀಟಿಗೆ ಹೋಗಿ ಅಲ್ಲಿ ರೈಲು ಬದಲಿಸಿದರೆ ಮೈಲ್ ಎಂಡ್ ದೂರವೇನಲ್ಲ. ಒಂದು ಶನಿವಾರ ಹೋಗಿ ನೋಡಿದೆ. ತರಗತಿಗಳ ಕಟ್ಟಡಗಳ ನಡುವೆ, ನೆಲಕ್ಕೆ ಸಮನಾಗಿ ಸಾಲುಸಾಲು ಚಪ್ಪಡಿಗಳು. ಯೆಹೂದಿಗಳಲ್ಲಿ ಈ ಪಂಗಡದವರು ಗೋರಿಕಲ್ಲನ್ನು ನಿಲ್ಲಿಸುವುದಿಲ್ಲ, ಮಲಗಿಸುತ್ತಾರೆ. ಉಳಿದಿರುವುದು 19ನೆಯ ಶತಮಾನದ ಉತ್ತರಾರ್ಧದ ಹಾಗೂ ಆಮೇಲಿನ ಗೋರಿಗಳು. ಅದಕ್ಕೂ ಹಳೆಯ ಭಾಗವನ್ನು 1970ರ ದಶಕದಲ್ಲಿ ತೆರವು ಮಾಡಿ, ಅಸ್ಥಿಗಳನ್ನು ಎಸೆಕ್ಸ್‌ನ ಬ್ರೆಂಟ್‌ವುಡ್‌ಗೆ ಸಾಗಿಸಿ ಮರಳಿ ಹೂಳಿದರು.